ಗಂಧಸಾಲೆ ಬಿತ್ತನೆ ನಾನೇ ಆರಿಸಿಕೊಂಡ ಬಗೆ

ನಮ್ಮದು ಕುಣಿಗಲ್ ಸೀಮೆಯ ಕೆರೆ ಬಯಲಿನ ಗದ್ದೆ. ಬೀಜಮೇಳದಿಂದ ತಂದ ಗಂಧಸಾಲೆ ಎಂಬ ಘಮದ ಭತ್ತ ಹಾಕಿದ ವರ್ಷ ತೆನೆ ಬಂದಾಗ ನೋಡಿದರೆ, ಒಂದೇ ಗದ್ದೆಯಲ್ಲಿ ಹಲವು ಥರ. ಒಂದು ಬುಡ ಎದೆಮಟ್ಟ, ಪಕ್ಕದ್ದು ಸೊಂಟದವರೆಗೆ. ಕೆಲವಕ್ಕೆ ಕಾಳಿನ ತುದಿಯಲ್ಲಿ ಮೀಸೆ, ಕೆಲವಕ್ಕೆ ಇಲ್ಲ. ಒಂದು ಹಾಲುಗಾಳು ಕಟ್ಟುವಾಗ ಇನ್ನೊಂದು ಆಗತಾನೇ ಹೊಡೆ ಬಿಚ್ಚುತ್ತಿತ್ತು. ಬೆರಕೆ ಬೀಜ ತಲೆಗೆ ಕಟ್ಟಿದರು ಅಂತ ಮನೆಯಲ್ಲಿ ಗೊಣಗಾಟ. ನನಗಂತೂ ಖುಷಿ. ಎಲ್ಲ ಒಂದೇ ಥರ ಇದ್ದರೆ ಆರಿಸುವುದಕ್ಕೆ ಏನು ಉಳಿಯುತ್ತದೆ?

ಬಿತ್ತನೆಗೆ ಅಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಬದುವಿನ ಅಂಚಿನ ದಪ್ಪ ಬುಡಕ್ಕೆ. ಅಲ್ಲಿ ಬಿಸಿಲು ಜಾಸ್ತಿ, ಪೈಪೋಟಿ ಕಡಿಮೆ, ಹಾಗಾಗಿ ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲು, ಹೆಚ್ಚು. ಆ ಗುಣ ಜಾಗದ್ದು, ಬೀಜದ್ದಲ್ಲ. ಮುಂದಿನ ವರ್ಷ ನಡುಗದ್ದೆಗೆ ಹಾಕಿದರೆ ಅದೂ ಎಲ್ಲದರ ಹಾಗೇ. ಎತ್ತರ, ತೆನೆ ಬರುವ ಕಾಲ, ಕಾಳಿನ ಆಕಾರ ಇವು ಸಾಕಷ್ಟು ನಂಬಿಕಸ್ಥ ಗುಣಗಳು, ಮರಿಗೂ ಬರುತ್ತವೆ. ತೆಂಡೆ ಲೆಕ್ಕ, ಬುಡದ ಇಳುವರಿ ಕೈಕೊಡುವುದೇ ಹೆಚ್ಚು. ಅದಕ್ಕೇ ಅಂಚಿನ ಸಾಲು ಪೂರ್ತಿ ಬಿಟ್ಟು, ಗದ್ದೆ ನಡುವಿನ ಬುಡಗಳಿಗೆ ಮಾತ್ರ ದಾರ ಕಟ್ಟಿದೆ.

ಆಮೇಲೆ ಘಮದ ಸರದಿ. ಲೀಟರ್ ನೀರಿಗೆ 17 ಗ್ರಾಂ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಕರಗಿಸಿಟ್ಟುಕೊಳ್ಳುತ್ತೇನೆ. ಕೈ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಪ್ರತಿ ಬುಡದ ಎಳೆ ಎಲೆ 2 ಗ್ರಾಂ ಸಣ್ಣಗೆ ಕತ್ತರಿಸಿ, 10 ಮಿ.ಲೀ. ದ್ರಾವಣಕ್ಕೆ ಹಾಕಿ ಮುಚ್ಚಿ, ಹತ್ತು ನಿಮಿಷ ಬಿಟ್ಟು ಮೂಸುವುದು. ಜೊತೆಗೆ ಘಮವಿಲ್ಲದ ಐಆರ್-64 ಭತ್ತದ ತಳಿಯ ಎಲೆಯದೊಂದು ಬಾಟಲಿ ಇರಬೇಕು, ಇಲ್ಲದಿದ್ದರೆ ನಾಲ್ಕಾರು ಮೂಸುವಷ್ಟರಲ್ಲಿ ಮೂಗು ಸುಳ್ಳು ಹೇಳಲು ಶುರುಮಾಡುತ್ತದೆ. 'ಏನಣ್ಣ, ನಶ್ಯ ಬಿಟ್ಟು ಸೊಪ್ಪು ಹಿಡಿದ್ಯಾ?' ಅಂತ ಪಕ್ಕದ ಗದ್ದೆಯವರು ನಕ್ಕಿದ್ದೂ ಉಂಟು.

ಈ ಘಮದ ಮೂಲ 2-ಅಸಿಟೈಲ್-1-ಪೈರೋಲಿನ್ ಅನ್ನುವ ರಾಸಾಯನಿಕ, ರಂಭೆ ಎಲೆಯಲ್ಲಿರುವುದೂ ಇದೇ. ಎಂಟನೇ ವರ್ಣತಂತುವಿನ ಬಿಎಡಿಎಚ್2 ವಂಶವಾಹಿ ಕೆಲಸ ನಿಲ್ಲಿಸಿದಾಗ ಇದು ಗಿಡದಲ್ಲಿ ಶೇಖರವಾಗುತ್ತದೆ. ಅಪ್ಪ-ಅಮ್ಮ ಎರಡೂ ಕಡೆಯಿಂದ ಈ ವಂಶವಾಹಿಯ ಕೆಟ್ಟ ಪ್ರತಿ ಬಂದರೆ ಮಾತ್ರ ಘಮ. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ: ಎಲೆ ಘಮಘಮ ಅಂದರೆ ಆ ಬುಡದಲ್ಲಿ ಘಮವಿಲ್ಲದ ಗುಣ ಅಡಗಿಲ್ಲ. ಖಾತರಿಗೆ ಅದರ ಕಾಳು ಒಂದೊಂದೇ ಸುಲಿದು ಜಗಿದೂ ನೋಡುತ್ತೇನೆ. ಕೆಲವು ಘಮ, ಕೆಲವು ಸಪ್ಪೆ ಅಂದರೆ ಆ ಬುಡ ಕೈಬಿಟ್ಟಂತೆ.

ಮುಂದಿನ ಹಂಗಾಮಿಗೆ ಒಂದು ತೆನೆಗೆ ಒಂದು ಸಾಲು, ಗುಣಿಗೆ ಒಂದೇ ಸಸಿ. ಸಾಲಿನೊಳಗೆ ಏರುಪೇರು ಕಂಡರೆ ಇಡೀ ಸಾಲೇ ಔಟ್. ಬೇರೆ ತಳಿಯಿಂದ 3 ಮೀಟರ್ ದೂರ ಬಿಡುತ್ತೇನೆ, ಭತ್ತದಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚಾದ್ದರಿಂದ ಅಷ್ಟು ಸಾಕು. ಬೆರಕೆ ಜಾಸ್ತಿ ಆಗುವುದು ಕಣದಲ್ಲಿ, ಹಳೇ ಚೀಲದಲ್ಲಿ.

ಉಳಿದ ಸಾಲುಗಳಲ್ಲಿ ಒಂದನ್ನೇ ಗೆಲ್ಲಿಸಲಿಲ್ಲ. ಎತ್ತರದ್ದು ಹುಲ್ಲಿಗೆ ಒಳ್ಳೆಯದು, ಆದರೆ ಗೊಬ್ಬರ ಸ್ವಲ್ಪ ಹೆಚ್ಚಾದರೂ ಮಲಗುತ್ತದೆ. ಗಿಡ್ಡದ್ದು ನಿಲ್ಲುತ್ತದೆ. ಎರಡನ್ನೂ ಬೇರೆ ಬೇರೆ ಇಟ್ಟಿದ್ದೇನೆ. ಕಾಳು ಕಟ್ಟುವಾಗ ತಂಪಿದ್ದರೆ ಘಮ ಚೆನ್ನಾಗಿ ನಿಲ್ಲುತ್ತದೆ, ಅದಕ್ಕೆ ಚಳಿ ಇಳಿಯುವ ಹೊತ್ತಿಗೆ ತೆನೆ ತುಂಬುವ ಸಾಲುಗಳಿಗೆ ನನ್ನ ಒಲವು. ಕೊಯ್ದ ಮೇಲೆ ನೆರಳಲ್ಲಿ ಒಣಗಿಸಿ ಭತ್ತವಾಗಿಯೇ ಇಟ್ಟು, ಬೇಕಾದಷ್ಟನ್ನು ಮಾತ್ರ ಮಿಲ್ಲಿಗೆ ಒಯ್ಯುತ್ತೇನೆ.