ಬೀಪ್ ಬಂದರೆಲ್ಲ ಶಾರ್ಟ್ ಅಲ್ಲ: ಲ್ಯಾಪ್‌ಟಾಪ್ ಬೋರ್ಡಿನಲ್ಲಿ ಸಪ್ಲೈ ಲೈನ್ ಅಳೆಯುವ ಬಗೆ

ಆನ್ ಆಗದ ಲ್ಯಾಪ್‌ಟಾಪ್. ಪ್ರೊಸೆಸರ್‌ಗೆ ಕರೆಂಟ್ ಒಯ್ಯುವ ಸಪ್ಲೈ ಲೈನಿನಲ್ಲಿ, ಪ್ರೊಸೆಸರ್ ಪಕ್ಕದ ಕಾಯಿಲ್‌ಗೆ (ತಂತಿ ಸುರುಳಿಯ ಭಾಗ) ಒಂದು ಪ್ರೋಬ್, ಗ್ರೌಂಡ್‌ಗೆ (ಬೋರ್ಡಿನ ಮೈನಸ್) ಇನ್ನೊಂದು ಇಟ್ಟ ಕೂಡಲೇ ಮೀಟರ್ ಬೀಪ್ ಅನ್ನುತ್ತದೆ. ಕೆಲಸ ಕಲಿಯುತ್ತಿರುವವರು ಅಲ್ಲೇ ‘ಶಾರ್ಟ್’, ಅಂದರೆ ಸಪ್ಲೈ ನೇರವಾಗಿ ಗ್ರೌಂಡ್‌ಗೆ ತಾಗಿದೆ ಎಂದು ತೀರ್ಮಾನಿಸಿ ಕೆಪಾಸಿಟರ್ ಕೀಳಲು ಶುರುಮಾಡುತ್ತಾರೆ. ಬೋರ್ಡು ಹಾಳಾಗುವುದು ಎಷ್ಟೋ ಸಲ ಆ ಮೇಲೆಯೇ.

ಪ್ರೊಸೆಸರ್ ಒಳಗೆ ನೂರಾರು ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಆಫ್ ಇದ್ದಾಗಲೂ ಪ್ರತಿಯೊಂದರಲ್ಲೂ ಚೂರು ಕರೆಂಟ್ ಸೋರುತ್ತದೆ. ಒಂದರ ಸೋರಿಕೆ ಲೆಕ್ಕಕ್ಕಿಲ್ಲ. ಆದರೆ ಅವೆಲ್ಲ ಸಪ್ಲೈಗೂ ಗ್ರೌಂಡ್‌ಗೂ ನಡುವೆ ಪ್ಯಾರಲಲ್ ಆಗಿ ಕೂತಿರುವುದರಿಂದ ಮೀಟರ್‌ಗೆ ಕಾಣುವುದು ಕೆಲವೇ ಓಮ್ (ಕರೆಂಟ್‌ಗೆ ಇರುವ ಅಡ್ಡಿಯ ಅಳತೆ). ದೊಡ್ಡ ಗ್ರಾಫಿಕ್ಸ್ ಚಿಪ್‌ನಲ್ಲಿ ಅದು 1 ಓಮ್‌ಗಿಂತ ಕೆಳಗೂ ಇಳಿಯುತ್ತದೆ. ಹೆಚ್ಚಿನ ಮೀಟರ್‌ಗಳು ಸುಮಾರು 30ರಿಂದ 50 ಓಮ್ ಒಳಗೆ ಏನು ಸಿಕ್ಕರೂ ಬೀಪ್ ಮಾಡುತ್ತವೆ. ಹಾಗಾಗಿ ಪ್ರೊಸೆಸರ್ ಲೈನಿನಲ್ಲಿ ಬೀಪ್ ನಂಬಬೇಡಿ, ಓಮ್ ನೋಡಿ.

ಮೊದಲು ಅಡಾಪ್ಟರ್, ಬ್ಯಾಟರಿ ಎರಡನ್ನೂ ತೆಗೆದು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡು ತಣ್ಣಗಾಗಿರಲಿ, ಬಿಸಿ ಏರಿದಂತೆ ಸೋರಿಕೆಯೂ ಏರಿ ಓಮ್ ಇಳಿಯುತ್ತದೆ. ಎರಡು ಪ್ರೋಬ್‌ಗಳ ತುದಿ ಸೇರಿಸಿದಾಗ ಬರುವ 0.2–0.5 ಓಮ್ ವೈರಿನದು, ಅದನ್ನು ಕಳೆಯಿರಿ. ಪ್ರೋಬ್ ಇಟ್ಟ ಮೇಲೆ ಅಂಕಿ ಮೇಲೇರುತ್ತಿದ್ದರೆ ಕೆಪಾಸಿಟರ್‌ಗಳು ಚಾರ್ಜ್ ಆಗುತ್ತಿವೆ ಎಂದರ್ಥ, ನಿಲ್ಲುವವರೆಗೆ ಕಾಯಿರಿ. ಸೋರಿಕೆ ಎಂಬುದು ರೆಸಿಸ್ಟರ್ ಇದ್ದಂತಲ್ಲ, ಮೀಟರ್ ಬದಲಾದರೆ ಅಂಕಿಯೂ ಬದಲಾಗಬಹುದು. ಅದೇ ಮಾಡೆಲ್‌ನ ಸರಿಯಿರುವ ಬೋರ್ಡು ಸಿಕ್ಕರೆ ಅದೇ ಮೀಟರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

3.3 ಮತ್ತು 5 ವೋಲ್ಟ್ ಲೈನ್‌ಗಳಲ್ಲಿ ಸಾಮಾನ್ಯವಾಗಿ ಕಿಲೋಓಮ್‌ಗಳು, ರ‍್ಯಾಮ್ ಲೈನಿನಲ್ಲಿ ಹತ್ತಾರು ಇಲ್ಲವೇ ನೂರಾರು ಓಮ್ ಇರುತ್ತದೆ. ಇಲ್ಲಿ ಒಂದೆರಡು ಓಮ್ ಬಂದರೆ ಅನುಮಾನಿಸಲೇಬೇಕು.

ಪ್ರೊಸೆಸರ್ ಲೈನ್ 3 ಓಮ್ ತೋರಿಸಿ ಗೊಂದಲವಾದರೆ, ಮೀಟರ್ ಹಿಡಿದುಕೊಂಡೇ ಚಿಪ್ ಮೇಲೆ ಹೇರ್ ಡ್ರೈಯರ್ ಬಿಡಿ. ಅಂಕಿ ನಿಧಾನವಾಗಿ ಇಳಿದು, ತಣ್ಣಗಾದಾಗ ಮತ್ತೆ ಏರಿದರೆ ನೀವು ಅಳೆಯುತ್ತಿರುವುದು ಬಹುಮಟ್ಟಿಗೆ ಸಿಲಿಕಾನ್ ಸೋರಿಕೆ. ಒಳಗೇ ಒಡೆದ ಸೆರಾಮಿಕ್ ಕೆಪಾಸಿಟರ್‌ನ ಶಾರ್ಟ್ ಹೀಗೆ ಕುಣಿಯುವುದಿಲ್ಲ.

ನಿಜವಾದ ಶಾರ್ಟ್ ಹುಡುಕಲು ಬೆಂಚ್ ಸಪ್ಲೈ (ವೋಲ್ಟೇಜ್, ಕರೆಂಟ್ ಮಿತಿ ಬೇಕಾದಷ್ಟಕ್ಕೆ ಇಡಬಹುದಾದ ಪವರ್ ಸಪ್ಲೈ) ಬೇಕು. ವೋಲ್ಟೇಜ್ ಮಿತಿ 0.8, ಕರೆಂಟ್ ಮಿತಿ 1 ಆಂಪಿಯರ್ ಇಟ್ಟು ಕಾಯಿಲ್‌ನ ಪ್ರೊಸೆಸರ್ ಬದಿಗೆ ಕೊಡಿ. ಲೈನಿನ ಮಾಮೂಲಿ ವೋಲ್ಟೇಜ್ ದಾಟಲೇಬೇಡಿ, ಚಿಪ್ ಹೋಗುತ್ತದೆ. ಈಗ ಮೀಟರನ್ನು ಮಿಲಿವೋಲ್ಟ್‌ಗೆ ತಿರುಗಿಸಿ, ಸಪ್ಲೈ ವೈರ್ ತಾಗಿರುವಲ್ಲಿ ಅಲ್ಲದೆ ಬೋರ್ಡಿನ ಮೇಲೇ, ಒಂದೊಂದು ಕೆಪಾಸಿಟರ್‌ನ ಎರಡು ತುದಿಯಲ್ಲಿ ಅಳೆಯಿರಿ. 1 ಆಂಪಿಯರ್ ಹರಿಯುವಾಗ 20 ಮಿಲಿವೋಲ್ಟ್ ಎಂದರೆ 0.02 ಓಮ್, ಇದು ಶಾರ್ಟೇ. ಅತಿ ಕಡಿಮೆ ಮಿಲಿವೋಲ್ಟ್ ಇರುವ ಕಡೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ. ಮೊದಲು ಒಣಗುವ ಜಾಗವೇ ಬಿಸಿಯಾಗುತ್ತಿರುವ ಭಾಗ. ಶಾರ್ಟ್‌ನ ಓಮ್ ತೀರಾ ಕಡಿಮೆಯಿದ್ದರೆ ಬಿಸಿ ಹೆಚ್ಚು ಹುಟ್ಟುವುದಿಲ್ಲ. ಆಗ ವೋಲ್ಟೇಜ್ ಮುಟ್ಟದೆ ಕರೆಂಟ್ ಮಿತಿಯನ್ನಷ್ಟೇ 2–3 ಆಂಪಿಯರ್‌ಗೆ ಏರಿಸಿ.

ಇದಕ್ಕೆಲ್ಲ ಮುಂಚೆ ಅಡಾಪ್ಟರ್‌ನಿಂದ ಬರುವ 19 ವೋಲ್ಟ್ ಲೈನಿಗೂ ಕಾಯಿಲ್‌ಗೂ ನಡುವೆ ಒಮ್ಮೆ ಅಳೆದುಬಿಡಿ. ಅಲ್ಲಿ ಸೊನ್ನೆ ಹತ್ತಿರ ಬಂದರೆ ಇವೆರಡರ ನಡುವೆ ಸ್ವಿಚ್‌ನಂತೆ ಕೆಲಸ ಮಾಡುವ ಮೇಲಿನ ಮಾಸ್‌ಫೆಟ್ ಒಳಗೇ ಅಂಟಿಕೊಂಡಿದೆ, 1 ವೋಲ್ಟ್ ಆಸುಪಾಸಿನಲ್ಲಿ ನಡೆಯುವ ಪ್ರೊಸೆಸರ್‌ಗೆ ನೇರವಾಗಿ 19 ವೋಲ್ಟ್ ನುಗ್ಗಿರಬಹುದು. ಕಳಚಿದ ಮೇಲೆ ಮಾಸ್‌ಫೆಟ್ ಪರೀಕ್ಷಿಸುವಾಗ ಗೇಟ್ ಮತ್ತು ಸೋರ್ಸ್ ಕಾಲುಗಳನ್ನು ಮೊದಲು ಶಾರ್ಟ್ ಮಾಡಿ ಬಿಡಿ, ಇಲ್ಲವಾದರೆ ಗೇಟಿನಲ್ಲಿ ಉಳಿದ ಚಾರ್ಜ್ ಸರಿಯಿರುವ ಮಾಸ್‌ಫೆಟ್ಟನ್ನೂ ಶಾರ್ಟ್ ಎಂದೇ ತೋರಿಸುತ್ತದೆ. ಹೊಸದು ಹಾಕುವ ಮೊದಲು ಪ್ರೊಸೆಸರ್ ಲೈನ್ ಮತ್ತೊಮ್ಮೆ ಅಳೆಯಿರಿ: ಆಗಲೂ 0.1 ಓಮ್‌ಗಿಂತ ಕೆಳಗೇ ಇದ್ದು, ಕೆಪಾಸಿಟರ್ ಯಾವುದೂ ಬಿಸಿಯಾಗದೆ ಚಿಪ್ಪೇ ಬಿಸಿಯಾದರೆ ಬಹುಶಃ ಪ್ರೊಸೆಸರೇ ಹೋಗಿದೆ; ಗಿರಾಕಿಗೆ ಫೋನ್ ಮಾಡಿ, ಮಾಸ್‌ಫೆಟ್ ಆರ್ಡರ್ ಮಾಡಬೇಡಿ.