ಸಾವಿನ ಮನೆಗೆ ಕಡಂಬುಟ್ಟು ಕಳಿಸುವವರಿಗೆ

ಸಾವಾದ ಮನೆಗೆ ಚರ್ಚಿನ ಕಡೆಯಿಂದ ಊಟ ಕಳಿಸುವವರು ಅನ್ನದ ಬದಲು ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸಿದ ಕೊಡಗಿನ ಅಕ್ಕಿ ತರಿ ಉಂಡೆ, ಮಾಡಿ. ಆರಿದರೂ ತಿನ್ನಬಹುದು, ಬಡಿಸಲು ಯಾರೂ ನಿಲ್ಲಬೇಕಿಲ್ಲ.

ಅಕ್ಕಿ ತರಿ ಒಂದು ಪಾವಿಗೆ ನೀರು ಎರಡು ಪಾವು. ಉಪ್ಪು, ಚಮಚ ತುಪ್ಪ ಹಾಕಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ ತರಿ ಸುರಿಯುತ್ತ ತಿರುವಿ. ನೀರು ಇಂಗಿದ ಮೇಲೆ ಮುಚ್ಚಿ 10 ನಿಮಿಷ ಬಿಡಿ. ಕೈ ತಾಳುವ ಬಿಸಿಯಲ್ಲೇ, ಅಂಗೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಬೇಕು. ಪೂರ್ತಿ ಆರಿದರೆ ಬಿರುಕು ಬಿಡುತ್ತದೆ. ಹಬೆಯಲ್ಲಿ 20 ನಿಮಿಷ ಸಾಕು.

ಕೆಡುವುದು ಹೆಚ್ಚಾಗಿ ತುಂಬುವಾಗ. ಬಿಸಿ ಉಂಡೆಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದ ಬೆವರು ತೊಟ್ಟಿಕ್ಕಿ ಮೇಲಿನ ಸಾಲು ಅಂಟಂಟಾಗುತ್ತದೆ. ಅಗಲ ತಟ್ಟೆಯಲ್ಲಿ ಹಬೆ ಹೋಗಲು ಬಿಟ್ಟು, ಬಾಳೆಎಲೆ ಹಾಸಿ ಜೋಡಿಸಿ, ಮೇಲೊಂದು ಒಣ ಬಟ್ಟೆ ಹೊದಿಸಿ.

ಜೊತೆಗೆ ಪಂದಿ ಕರಿ (ಹಂದಿ ಮಾಂಸದ ಸಾರು) ಎಲ್ಲರಿಗೂ ಆಸೆಯೇ. ಆದರೆ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಶುಕ್ರವಾರವಾದರೆ ಮಾಂಸ ತಿನ್ನುವುದಿಲ್ಲ, ಕಡಲೆ ಸಾರು ಕಳಿಸಿ. ಖಾರ ಅರ್ಧಕ್ಕಿಳಿಸಿ, ಆ ಮನೆಯಲ್ಲಿ ವಯಸ್ಸಾದವರೂ ಮಕ್ಕಳೂ ಇರುತ್ತಾರೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಹಾಕುವುದಿದ್ದರೆ ಇಳಿಸುವ ಮುಂಚೆ, ಅದೂ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಡ.

ಹೋಗುವ ಮುಂಚೆ "ಏನು ಬೇಕು" ಅಂತ ಕೇಳಬೇಡಿ, "ಎಷ್ಟು ಜನ ಇದ್ದೀರಿ" ಅಂತ ಕೇಳಿ. ತಲೆಗೆ ನಾಲ್ಕು ಉಂಡೆ ಲೆಕ್ಕ. ವಾಪಸ್ ಕೇಳುವ ಪಾತ್ರೆಯಲ್ಲಂತೂ ಕೊಡಲೇಬೇಡಿ.