ಕಲಾಮೇಳದ ಮಳಿಗೆಯಲ್ಲಿ ಚಿತ್ರ ತೂಗುಹಾಕುವುದು ಹೇಗೆ?

ಮೇಳಕ್ಕೆ ಹೊರಟ ಗ್ಯಾಲರಿಯವರ ಟೆಂಪೊ ಇಣುಕಿ ನೋಡಿದರೆ ಸಾಕು, ಮಳಿಗೆ ಹೇಗಿರುತ್ತದೆಂದು ಹೇಳಿಬಿಡಬಹುದು. ಹತ್ತಡಿ ಮಳಿಗೆಗೆ ನಲವತ್ತು ಚಿತ್ರ! ಕೇಳಿದರೆ, ‘ಅಷ್ಟು ಬಾಡಿಗೆ ಕಟ್ಟಿದ್ದೀವಿ ಸಾರ್, ಗೋಡೆ ಖಾಲಿ ಬಿಡೋಕಾಗುತ್ತಾ?’ ಬಿಡಬೇಕು.

ಮೊದಲು, ಆಯ್ಕೆ. ಹತ್ತಡಿಯ ಮೂರು ಗೋಡೆ ಎಂದರೆ 30 ಅಡಿ. ಒಯ್ಯುವ ಚಿತ್ರಗಳ ಅಗಲವನ್ನೆಲ್ಲ ಕೂಡಿದರೆ 15 ಅಡಿ ದಾಟಕೂಡದು. ಕಲಾವಿದರು ಮೂವರಿಗಿಂತ ಹೆಚ್ಚು ಬೇಡ. ಬಿಟ್ಟುಹೋದವರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ. ಎಲ್ಲರಿಗೂ ಒಂದೊಂದು ಬಡಿಸಲು ಇದು ಮದುವೆ ಪಂಕ್ತಿಯಲ್ಲ. ಅನುಮಾನವಿದ್ದರೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ ಬನ್ನಿ. ಅಲ್ಲಿ ಅಷ್ಟೊಂದು ಚಿತ್ರಗಳಿದ್ದರೂ ಹೊರಬಂದವರ ಬಾಯಲ್ಲಿ ಇರುವುದು ಕಲಾವಿದ ಹಲ್ದಂಕರರ ಜಲವರ್ಣದ ದೀಪದ ಹೆಣ್ಣು. ಕತ್ತಲ ಕೋಣೆಯಲ್ಲಿ ಅವಳಿಗೆ ತಾನೇ ತಾನಾಗಿ ನಿಲ್ಲಲು ಜಾಗ ಕೊಟ್ಟಿದ್ದಾರೆ.

ಎರಡನೆಯದು, ಹೊರಡುವ ಮೊದಲು ನಿಮ್ಮ ಗ್ಯಾಲರಿಯಲ್ಲೇ ತಾಲೀಮು. ಆಯ್ದ ಚಿತ್ರಗಳ ಅಳತೆಗೆ ಹಳೇ ಪತ್ರಿಕೆ ಕತ್ತರಿಸಿ (ಓದಿಯಾದ ಮೇಲೆ ಈ ಪುರವಣಿಯೂ ಆದೀತು), ನಿಮ್ಮ ಗೋಡೆಗೇ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಮನಸ್ಸಿಗೆ ಬಂದ ಜೋಡಣೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ಯಾಕಿಂಗ್ ಎಲ್ಲರಿಗೂ ಗೊತ್ತು. ಒಂದೇ ಎಚ್ಚರ: ಅಕ್ರಿಲಿಕ್ ಚಿತ್ರದ ಮೇಲೆ ಬಬಲ್ ರ್‍ಯಾಪ್ ನೇರವಾಗಿ ಸುತ್ತಬೇಡಿ. ಟೆಂಪೊದ ಬಿಸಿಗೆ ಬಣ್ಣ ಮೆತ್ತಗಾಗಿ ಗುಳ್ಳೆಗಳ ಅಚ್ಚು ಬೀಳುತ್ತದೆ. ನಡುವೆ ಸಿಲಿಕೋನ್ ಲೇಪದ ಕಾಗದ ಇರಲಿ.

ಮೂರನೆಯದು, ಮೊಳೆ. ಎಲ್ಲರೂ ಕೆಡಿಸುವುದು ಇಲ್ಲೇ. ಕಣ್ಣಂದಾಜಿನಲ್ಲಿ ಒಂದು ಹೊಡೆಯುತ್ತಾರೆ, ‘ಸ್ವಲ್ಪ ಮೇಲೆ’ ಎಂದು ಕೀಳುತ್ತಾರೆ, ಇನ್ನೊಂದು ಹೊಡೆಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಗೋಡೆ ಜರಡಿ.

ಚಿತ್ರದ ಮೇಲಂಚನ್ನಾಗಲಿ ಕೆಳಅಂಚನ್ನಾಗಲಿ ಸಾಲು ಹಿಡಿಯಬೇಡಿ, ನಡುಮಧ್ಯವನ್ನು ಹಿಡಿಯಿರಿ. ಅದು ನೆಲದಿಂದ 57 ಇಂಚು ಎತ್ತರದಲ್ಲಿರಬೇಕು. 60 ಎನ್ನುವವರೂ ಇದ್ದಾರೆ. ನಮ್ಮ ಜನರ ಎತ್ತರಕ್ಕೆ ನನಗೆ 57 ಸರಿ. ಈಗ ಚಿತ್ರದ ಹಿಂದಿನ ತಂತಿಯನ್ನು ಮೊಳೆಗೆ ಸಿಕ್ಕಿಸಿದಂತೆ ನಡುವಿನಲ್ಲಿ ಬೆರಳಿನಿಂದ ಮೇಲಕ್ಕೆ ಬಿಗಿಯಾಗಿ ಎಳೆದು, ಅಲ್ಲಿಂದ ಚೌಕಟ್ಟಿನ ಮೇಲಂಚಿಗೆ ಎಷ್ಟೆಂದು ಅಳೆಯಿರಿ. ಸಡಿಲ ತಂತಿಯನ್ನು ಅಳೆದರೆ ಚಿತ್ರ ಒಂದೆರಡು ಇಂಚು ಕೆಳಗೆ ಹೋಗಿ ಕೂರುತ್ತದೆ. ಚೌಕಟ್ಟಿನ ಎತ್ತರ 36 ಇಂಚು, ತಂತಿಯಿಂದ ಅಂಚಿಗೆ 3 ಇಂಚು ಎಂದಿಟ್ಟುಕೊಳ್ಳಿ. 57ಕ್ಕೆ ಎತ್ತರದ ಅರ್ಧ 18 ಕೂಡಿ, 3 ಕಳೆಯಿರಿ: 72. ಮೊಳೆ ನೆಲದಿಂದ 72 ಇಂಚಿಗೆ.

ಅಡ್ಡಲೆಕ್ಕವೂ ಇಷ್ಟೇ ಸುಲಭ. 120 ಇಂಚಿನ ಗೋಡೆಗೆ 20 ಇಂಚು ಅಗಲದ ಮೂರು ಚಿತ್ರವಾದರೆ ಉಳಿಯುವುದು 60. ನಾಲ್ಕು ಸಂದಿಗೆ ತಲಾ 15. ಮೂಲೆ ಕಡೆ ಸ್ವಲ್ಪ ಹೆಚ್ಚು ಬಿಟ್ಟರೂ ನಡೆಯುತ್ತದೆ.

ದೊಡ್ಡ ಚಿತ್ರಕ್ಕೆ ಒಂದೇ ಮೊಳೆ ಬೇಡ. ಎರಡಿದ್ದರೆ ಜನ ಭುಜ ತಾಗಿಸಿಕೊಂಡು ಹೋದರೂ ವಾಲುವುದಿಲ್ಲ. ಎರಡು ಮೊಳೆಯಾದರೆ ತಂತಿಯನ್ನೂ ಆ ಎರಡೂ ಕಡೆ ಎಳೆದೇ ಅಳೆಯಬೇಕು. ಕೊನೆಗೆ ಗಾರೆಯವರ ರಸಮಟ್ಟ ಚೌಕಟ್ಟಿನ ಮೇಲಿಟ್ಟು ನೋಡಿ. ಫೋನಿನ ಆ್ಯಪ್ ನೆಚ್ಚಬೇಡಿ, ಕ್ಯಾಮೆರಾ ಉಬ್ಬಿರುವ ಫೋನು ಸರಿಯಾಗಿ ಕೂರುವುದೇ ಇಲ್ಲ.

ಎರಡೂ ಕಡೆ ಅಂಟುವ ಫೋಮ್ ಟೇಪಿನ ಮಾತೇ ಎತ್ತಬೇಡಿ. ಒಮ್ಮೆ ನಾನೂ ನಂಬಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಗೋಡೆಯಲ್ಲಿ ಟೇಪು ಇತ್ತು, ನೆಲದಲ್ಲಿ ಗಾಜು. ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ಮೇಳದವರಲ್ಲಿ ಮೊದಲೇ ಕೇಳಿ. ಬಿಡದಿದ್ದರೆ ಮೇಲಿನಿಂದ ತಂತಿಯಲ್ಲಿ ಇಳಿಬಿಡಬೇಕು.

ಉಳಿದದ್ದು. ದೀಪ ಓರೆಯಾಗಿ ಬೀಳಲಿ. ಗಾಜಿನಲ್ಲಿ ನಿಮ್ಮ ಮುಖ ಕಂಡರೆ ಕೋನ ತಪ್ಪಿದೆ. ಚೀಟಿಯಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ ಇರಲಿ. ಬೆಲೆಯನ್ನೂ ಬರೆಯಿರಿ, ಕೇಳಲು ಸಂಕೋಚಪಟ್ಟು ಮುಂದಿನ ಮಳಿಗೆಗೆ ಹೋಗುವವರೇ ಹೆಚ್ಚು. ಮಾರಾಟವಾದದ್ದಕ್ಕೆ ಕೆಂಪು ಬೊಟ್ಟು, ಅದೂ ಮುಂಗಡ ಕೈಗೆ ಬಂದ ಮೇಲೆ. ‘ಸಂಜೆ ಯಜಮಾನರನ್ನ ಕರ್ಕೊಂಡು ಬರ್ತೀನಿ’ ಎಂದವರಿಗೆಲ್ಲ ಬೊಟ್ಟು ಇಟ್ಟರೆ ನಿಜವಾಗಿ ಕೊಳ್ಳುವವರು ಆ ಚಿತ್ರ ದಾಟಿ ಹೋಗಿಬಿಡುತ್ತಾರೆ.